ಸೂತ್ರ, ಉದಾಹರಣೆ, ಉಪಾಯ: ಪ್ರಾಚೀನ ಗಣಿತಗ್ರಂಥಗಳಲ್ಲಿ ಸಾಮಾನ್ಯ ವಿಧಾನದ ಶಿಕ್ಷಣ

ಗಣಿತದ ಅಧ್ಯಾಪಕರಿಗೆ ವಿದ್ಯಾರ್ಥಿಗಳಿಂದ ಪದೇ ಪದೇ ಬರುವ ಪ್ರಶ್ನೆಯೊಂದುಂಟು: ಈ ಲೆಕ್ಕ ಯಾವ ಬಗೆಯದು? ಬಗೆ ಇಂಥದೆಂದು ತಿಳಿಸಿದರೆ ಸಾಕು, ಉಳಿದ ಕೆಲಸವನ್ನು ಹುಡುಗನು ಚುರುಕಾಗಿಯೇ ಮಾಡಿ ಮುಗಿಸುತ್ತಾನೆ. ತಿಳಿಸದಿದ್ದರೆ, ಬೇಕಾದ ಸೂತ್ರ ಬಾಯಿಗೆ ಬರುತ್ತಿದ್ದರೂ ಲೇಖನಿಯನ್ನು ಹಿಡಿದು ಸುಮ್ಮನೆ ಕುಳಿತಿರುತ್ತಾನೆ. ಸೂತ್ರವನ್ನು ಬಲ್ಲುದು ಒಂದು. ಎದುರಿಗಿರುವ ಲೆಕ್ಕಕ್ಕೆ ಯಾವ ಸೂತ್ರ ಸಲ್ಲುತ್ತದೆಂಬುದನ್ನು ಕಾಣುವುದು ಮತ್ತೊಂದು. ಈ ಎರಡನೆಯದನ್ನು ಕಲಿಸಲು ಸಾಧ್ಯವೇ, ಸಾಧ್ಯವಾದರೆ ಪುಸ್ತಕದಲ್ಲಿ ಅದಕ್ಕೆ ಸ್ಥಾನವೆಲ್ಲಿ ಎಂಬುದು ಬಹು ಹಳೆಯ ಜಿಜ್ಞಾಸೆ. ಅಲೆಕ್ಸಾಂಡ್ರಿಯದ ಪಾಪಸ್ ಕ್ರಿ. ಶ. ೪ನೆಯ ಶತಮಾನದಲ್ಲಿ ತನ್ನ ಸಂಗ್ರಹಗ್ರಂಥದ ೭ನೆಯ ಭಾಗದಲ್ಲಿ ಇದನ್ನು ಚರ್ಚಿಸಿದ್ದಾನೆ. ಹುಡುಕುತ್ತಿರುವುದು ದೊರೆತೇ ಇದೆಯೆಂದು ಭಾವಿಸಿ, ಅಲ್ಲಿಂದ ಹಿಂದಕ್ಕೆ ನಡೆದು, ತಿಳಿದಿರುವ ಸಂಗತಿಯನ್ನು ಮುಟ್ಟುವ ಮಾರ್ಗವನ್ನು ಆತನು ವಿವರಿಸುತ್ತಾನೆ. ೧೯೪೫ರಲ್ಲಿ ಜಾರ್ಜ್ ಪೋಲ್ಯಾ ಇದೇ ವಿಷಯವನ್ನು ಶಾಲೆಯ ಅಧ್ಯಾಪಕನಿಗೂ ತಿಳಿಯುವಂತೆ ಒಂದು ಚಿಕ್ಕ ಪುಸ್ತಕದಲ್ಲಿ ಬರೆದ ಮೇಲೆ ಅದು ಲೋಕಪ್ರಸಿದ್ಧವಾಯಿತು.

ನಮ್ಮ ದೇಶದ ಹಳೆಯ ಗಣಿತಗ್ರಂಥಗಳು ಈ ಪ್ರಶ್ನೆಗೆ ಏನು ಉತ್ತರ ಕೊಡುತ್ತವೆ? ಅವು ಸೂತ್ರಗಳ ಮೂಟೆ, ಸೂತ್ರ ಹೇಗೆ ಹೊಳೆಯಿತೆಂಬುದರ ಸುಳಿವೂ ಅವುಗಳಲ್ಲಿಲ್ಲ ಎಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಈ ಆಕ್ಷೇಪಣೆಯಲ್ಲಿ ಸ್ವಲ್ಪ ಸತ್ಯವಿದೆಯೆಂದು ಮೊದಲೇ ಒಪ್ಪಿಕೊಳ್ಳುವುದು ಮೇಲು. ಆದರೆ ಸೂತ್ರವನ್ನು ಮಾತ್ರ ಓದಿ ಉದಾಹರಣೆಯನ್ನು ಬಿಟ್ಟವರು ಈ ಗ್ರಂಥಗಳ ಅರ್ಧವನ್ನಷ್ಟೇ ಓದಿದವರೆಂಬುದು ನಮ್ಮ ಅಭಿಪ್ರಾಯ. ಪ್ರಕೃತ ಲೇಖನದಲ್ಲಿ ಆರ್ಯಭಟನಿಂದ ಭಾಸ್ಕರಾಚಾರ್ಯನ ವರೆಗಿನ ಕೆಲವು ಗ್ರಂಥಗಳನ್ನು, ವಿಶೇಷವಾಗಿ ಕನ್ನಡ ನಾಡಿಗೆ ಸಂಬಂಧಪಟ್ಟ ಗಣಿತಸಾರಸಂಗ್ರಹವನ್ನು, ಈ ದೃಷ್ಟಿಯಿಂದ ಪರಿಶೀಲಿಸಲು ಯತ್ನಿಸಿದ್ದೇವೆ.

ಆರ್ಯಭಟೀಯವು ಕ್ರಿ. ಶ. ೪೯೯ರ ಕಾಲಕ್ಕೆ ಸೇರಿದ್ದು. ಅದರ ಗಣಿತಪಾದದಲ್ಲಿರುವುದು ೩೩ ಶ್ಲೋಕಗಳು ಮಾತ್ರ. ವರ್ಗಮೂಲ, ಘನಮೂಲ, ಕ್ಷೇತ್ರಫಲ, ಶ್ರೇಢಿ, ತ್ರೈರಾಶಿಕ, ಕುಟ್ಟಕ ಎಲ್ಲವೂ ಆ ೩೩ರಲ್ಲೇ ಅಡಗಿವೆ. ಉದಾಹರಣೆ ಒಂದೂ ಇಲ್ಲ. ಇವುಗಳ ನಡುವೆ ಒಂದು ಸೂತ್ರ ನಮ್ಮ ಗಮನವನ್ನು ಸೆಳೆಯುತ್ತದೆ. ಅದು ಯಾವೊಂದು ವಸ್ತುವಿನ ಲೆಕ್ಕಕ್ಕೂ ಸೇರಿದ್ದಲ್ಲ, ಲೆಕ್ಕ ಮಾಡುವ ರೀತಿಗೆ ಸೇರಿದ್ದು. ಉತ್ತರದಿಂದ ಹಿಂದಕ್ಕೆ ಹೋಗುವಾಗ ಗುಣಕವು ಭಾಜಕವಾಗುತ್ತದೆ, ಭಾಜಕವು ಗುಣಕವಾಗುತ್ತದೆ, ಕೂಡಿಸಿದ್ದನ್ನು ಕಳೆಯಬೇಕು, ಕಳೆದುದನ್ನು ಕೂಡಿಸಬೇಕು ಎಂಬುದು ಅದರ ತಾತ್ಪರ್ಯ. ಮುಂದೆ ವ್ಯಸ್ತವಿಧಿ, ವಿಲೋಮಕ್ರಿಯೆ ಎಂಬ ಹೆಸರುಗಳಿಂದ ಇದು ಎಲ್ಲ ಗ್ರಂಥಗಳಲ್ಲೂ ಸೇರಿಹೋಯಿತು. ಪಾಪಸ್ ರೇಖಾಗಣಿತಕ್ಕೆ ಹೇಳಿದ ಹಿಮ್ಮುಖದ ನಡಿಗೆಯನ್ನು ಅಂಕಗಣಿತದ ಮಟ್ಟಿಗೆ ಇಲ್ಲಿ ಕಾಣಬಹುದು. ಆದರೆ ಒಬ್ಬನಿಂದ ಮತ್ತೊಬ್ಬನಿಗೆ ಬಂದಿರಬೇಕೆಂದು ಊಹಿಸಲು ಇಷ್ಟು ಮಾತ್ರದ ಸಾಮ್ಯ ಸಾಲದು. ಕಳೆದುಹೋದ ವಸ್ತುವನ್ನು ಹುಡುಕುವವನು ಬಂದ ದಾರಿಯಲ್ಲೇ ಹಿಂದಿರುಗಿ ನೋಡುತ್ತಾನೆ. ಇದಕ್ಕೆ ಗುರು ಬೇಕಾಗಿಲ್ಲ.

ಈ ವಿಧಿ ಯಾಂತ್ರಿಕವೆಂದು ತೋರಬಹುದು. ಹಾಗಲ್ಲವೆಂಬುದಕ್ಕೆ ಲೀಲಾವತಿಯ ಪ್ರಸಿದ್ಧ ಉದಾಹರಣೆಯೇ ಸಾಕ್ಷಿ. ಒಂದು ರಾಶಿಯನ್ನು ೩ರಿಂದ ಗುಣಿಸಿ, ಬಂದುದಕ್ಕೆ ಅದರ ಮುಕ್ಕಾಲು ಪಾಲನ್ನು ಸೇರಿಸಿ, ೭ರಿಂದ ಭಾಗಿಸಿ, ಬಂದುದರಲ್ಲಿ ಮೂರನೆಯ ಒಂದು ಪಾಲನ್ನು ಕಳೆದು, ವರ್ಗ ಮಾಡಿ, ೫೨ನ್ನು ಕಳೆದು, ಮೂಲ ತೆಗೆದು, ೮ನ್ನು ಕೂಡಿಸಿ, ೧೦ರಿಂದ ಭಾಗಿಸಿದರೆ ೨ ಉಳಿಯುತ್ತದೆ. ರಾಶಿ ಯಾವುದು? ಹಿಂದಿನಿಂದ ಹೊರಟರೆ ೨೦, ೧೨, ೧೪೪, ೧೯೬, ೧೪ ಎಂದು ನಿರಾಯಾಸವಾಗಿ ಬರುತ್ತದೆ. ಆ ಮೇಲೆ ತೊಡಕು. ಮೂರನೆಯ ಒಂದು ಪಾಲನ್ನು ಕಳೆದಿದ್ದಕ್ಕೆ ಪ್ರತಿಯಾಗಿ ಮೂರನೆಯ ಒಂದು ಪಾಲನ್ನು ಕೂಡಿಸಿದವನು ತಪ್ಪಿದನು, ಕೂಡಿಸಬೇಕಾದುದು ಅರ್ಧ. ೧೪ಕ್ಕೆ ೭ ಸೇರಿ ೨೧ ಆಗುತ್ತದೆ. ಅದನ್ನು ೭ರಿಂದ ಗುಣಿಸಿದರೆ ೧೪೭, ಮುಕ್ಕಾಲು ಪಾಲು ಸೇರುವ ಮೊದಲು ೮೪, ೩ರಿಂದ ಭಾಗಿಸಿದರೆ ೨೮. ಆರ್ಯಭಟನ ಸೂತ್ರದಲ್ಲಿ ಈ ಭಾಗಾಂಶದ ಮಾತಿಲ್ಲ. ಭಾಸ್ಕರಾಚಾರ್ಯನು ಇದಕ್ಕಾಗಿಯೇ ಬೇರೊಂದು ನಿಯಮವನ್ನು ಸೇರಿಸಿ, ವಿದ್ಯಾರ್ಥಿ ಎಡವುವ ಕಲ್ಲನ್ನು ಉದಾಹರಣೆಯಲ್ಲಿ ಬೇಕೆಂದೇ ಎರಡು ಕಡೆ ಇಟ್ಟಿದ್ದಾನೆ. ಸೂತ್ರವು ಸಾಮಾನ್ಯವಾದದ್ದು; ಆ ಸಾಮಾನ್ಯತೆ ಎಲ್ಲಿ ಬಿರುಕುಬಿಡುತ್ತದೆಂಬುದನ್ನು ತೋರಿಸುವುದು ಉದಾಹರಣೆಯ ಕೆಲಸ.

ಆರ್ಯಭಟೀಯಕ್ಕೆ ಒಂದನೆಯ ಭಾಸ್ಕರನು ಕ್ರಿ. ಶ. ೬೨೯ರಲ್ಲಿ ಭಾಷ್ಯ ಬರೆದನು. ಮೂಲದಲ್ಲಿಲ್ಲದ ಉದಾಹರಣೆಗಳು ಇಲ್ಲಿ ಬರುತ್ತವೆ. ಭಾಷ್ಯದ ಕ್ರಮ ಹೀಗಿದೆ: ಸೂತ್ರದ ಅರ್ಥವಿವರಣೆ, ಉದ್ದೇಶಕ, ಅಂದರೆ ಲೆಕ್ಕ, ಕೊಟ್ಟ ಸಂಖ್ಯೆಗಳನ್ನು ತಕ್ಕ ಸ್ಥಾನಗಳಲ್ಲಿ ಬರೆದುಕೊಳ್ಳುವ ನ್ಯಾಸ ಅಥವಾ ಸ್ಥಾಪನೆ, ಲೆಕ್ಕ ಮಾಡುವ ಕರಣ, ಕೆಲವೆಡೆಗಳಲ್ಲಿ ಬಂದ ಉತ್ತರವನ್ನು ಮತ್ತೊಂದು ರೀತಿಯಿಂದ ಪರೀಕ್ಷಿಸುವ ಪ್ರತ್ಯಯ. ೧೮೮೧ರಲ್ಲಿ ಪೇಷಾವರದ ಬಳಿಯ ಬಖ್ಷಾಲಿಯಲ್ಲಿ ನೆಲದಲ್ಲಿ ದೊರೆತ ಭೂರ್ಜಪತ್ರದ ಹಸ್ತಪ್ರತಿಯಲ್ಲಿಯೂ ಇದೇ ಕ್ರಮ ಕಂಡುಬರುತ್ತದೆ. ಆದ್ದರಿಂದ ಇದು ಒಬ್ಬ ಭಾಷ್ಯಕಾರನ ರೂಢಿಯಲ್ಲ, ಪಾಠಶಾಲೆಗಳಲ್ಲಿ ನಡೆದುಬಂದ ಪದ್ಧತಿಯೆಂದು ತಿಳಿಯಬಹುದು.

ಪೋಲ್ಯಾ ಲೆಕ್ಕ ಬಿಡಿಸುವುದರಲ್ಲಿ ನಾಲ್ಕು ಹಂತಗಳನ್ನು ಹೇಳಿದ್ದಾನೆ: ಲೆಕ್ಕವನ್ನು ತಿಳಿಯುವುದು, ಉಪಾಯವನ್ನು ಹೂಡುವುದು, ಅದನ್ನು ನಡೆಸುವುದು, ಹಿಂದಿರುಗಿ ನೋಡುವುದು. ಉದ್ದೇಶಕ, ಸ್ಥಾಪನೆ, ಕರಣ, ಪ್ರತ್ಯಯಗಳೂ ನಾಲ್ಕೇ ಆಗಿರುವುದರಿಂದ ಎರಡನ್ನೂ ಒಂದರ ಪಕ್ಕದಲ್ಲೊಂದನ್ನು ಇಟ್ಟು ಸಂತೋಷಪಡುವ ಆಸೆ ಹುಟ್ಟುತ್ತದೆ. ಆ ಆಸೆಯನ್ನು ತಡೆಯಬೇಕಾಗಿದೆ. ಲೆಕ್ಕವನ್ನು ತಿಳಿದು ಅಂಕಗಳನ್ನು ಇಡುವುದು ಸ್ಥಾಪನೆಯಲ್ಲಿ ಬಂತು, ನಡೆಸುವುದು ಕರಣದಲ್ಲಿ ಬಂತು, ಹಿಂದಿರುಗಿ ನೋಡುವುದು ಪ್ರತ್ಯಯದಲ್ಲಿ ಬಂತು. ಉಪಾಯವನ್ನು ಹೂಡುವುದು ಎಲ್ಲಿ ಬಂತು? ಎಲ್ಲಿಯೂ ಬರಲಿಲ್ಲ. ಯಾವ ಸೂತ್ರದ ಕೆಳಗೆ ಉದ್ದೇಶಕವನ್ನು ಇಟ್ಟಿದೆಯೋ ಆ ಸೂತ್ರವೇ ಅದರ ಉಪಾಯ. ಆರಿಸುವ ಪ್ರಮೇಯವೇ ಇಲ್ಲ. ನಮ್ಮ ಇಂದಿನ ಪಠ್ಯಪುಸ್ತಕಗಳಲ್ಲಿ ಪಾಠದ ಕೊನೆಗೆ ಅಭ್ಯಾಸವನ್ನು ಜೋಡಿಸುವ ರೀತಿಯೂ ಇದೇ. ಮೇಲೆ ಹೇಳಿದ ಆಕ್ಷೇಪಣೆಯಲ್ಲಿ ಸತ್ಯಾಂಶವಿದ್ದರೆ ಅದು ಇಲ್ಲಿದೆ. ಉಪಾಯದ ಆಯ್ಕೆ ಗುರುವಿನ ಬಾಯಿಮಾತಿನಲ್ಲಿ ಸಾಗುತ್ತಿದ್ದಿರಬೇಕು. ಓಲೆಗರಿ ಅದನ್ನು ಹಿಡಿದಿಡಲಿಲ್ಲ.

ಆದರೂ ಒಂದೇ ಸೂತ್ರದ ವ್ಯಾಪ್ತಿಯನ್ನು ತೋರಿಸುವುದರಲ್ಲಿ ಭಾಷ್ಯಕಾರನು ಜಿಪುಣನಲ್ಲ. ಕುಟ್ಟಕವನ್ನು ಆರ್ಯಭಟನು ಎರಡು ಶ್ಲೋಕಗಳಲ್ಲಿ ಹೇಳಿ ಮುಗಿಸಿದ್ದಾನೆ. ಭಾಜಕಗಳು ಬೇರೆ ಬೇರೆಯಾಗಿ, ಶೇಷಗಳು ಗೊತ್ತಿದ್ದಾಗ ಭಾಜ್ಯವನ್ನು ಕಂಡುಹಿಡಿಯುವ ವಿಧಾನವದು. ದೊಡ್ಡ ಸಂಖ್ಯೆಗಳನ್ನು ಪರಸ್ಪರ ಭಾಗಿಸುತ್ತ ಕುಟ್ಟಿ ಕುಟ್ಟಿ ಸಣ್ಣದು ಮಾಡುವುದರಿಂದ ಆ ಹೆಸರು. ೮ರಿಂದ ಭಾಗಿಸಿದರೆ ೫, ೯ರಿಂದ ಭಾಗಿಸಿದರೆ ೪, ೭ರಿಂದ ಭಾಗಿಸಿದರೆ ೧ ಉಳಿಯುವ ಸಂಖ್ಯೆ ಯಾವುದು ಎಂಬ ಸರಳವಾದ ಲೆಕ್ಕದಿಂದ ಹಿಡಿದು (ಉತ್ತರ ೮೫), ಗ್ರಹಗಳ ಗತಿಯನ್ನು ಕುರಿತ ಕಠಿಣವಾದ ಲೆಕ್ಕಗಳ ವರೆಗೆ ಒಂದನೆಯ ಭಾಸ್ಕರನು ಈ ಒಂದೇ ವಿಧಾನವನ್ನು ನಡೆಸಿಕೊಂಡು ಹೋಗುತ್ತಾನೆ. ಲೆಕ್ಕದ ಮೈ ಬೇರೆ, ಎಲುಬು ಒಂದೇ ಎಂಬುದು ವಿದ್ಯಾರ್ಥಿಗೆ ಅಭ್ಯಾಸದಿಂದಲೇ ಮನವರಿಕೆಯಾಗಬೇಕು.

ಇನ್ನು ಗಣಿತಸಾರಸಂಗ್ರಹಕ್ಕೆ ಬರೋಣ. ಅದರ ಕರ್ತೃವಾದ ಮಹಾವೀರಾಚಾರ್ಯನು ಗ್ರಂಥದ ಆದಿಯಲ್ಲಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿದ್ದಾನೆ. ಆ ರಾಷ್ಟ್ರಕೂಟ ಚಕ್ರವರ್ತಿ ಕ್ರಿ. ಶ. ೮೧೪ರಿಂದ ಸುಮಾರು ೮೭೮ರ ವರೆಗೆ ಆಳಿದವನು. ಕವಿರಾಜಮಾರ್ಗವೂ ಇದೇ ಆಶ್ರಯದಲ್ಲಿ ಹುಟ್ಟಿದ್ದು. ಲಕ್ಷಣವನ್ನು ಹೇಳಿ ಕೂಡಲೇ ಲಕ್ಷ್ಯವನ್ನು ಕೊಡುವ ಕ್ರಮ ಎರಡು ಗ್ರಂಥಗಳಲ್ಲೂ ಸಮಾನವಾಗಿದೆ. ಕಾವ್ಯವನ್ನು ಕಲಿಸುವವನೂ ಗಣಿತವನ್ನು ಕಲಿಸುವವನೂ ಒಂದೇ ಬಗೆಯ ಪಾಠಕ್ರಮಕ್ಕೆ ಒಗ್ಗಿದ್ದರೆಂಬುದರಲ್ಲಿ ಆಶ್ಚರ್ಯವಿಲ್ಲ. ೧೯೧೨ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಈ ಗ್ರಂಥವನ್ನು ಪ್ರಕಟಿಸಿದ ಮೇಲೆ ಇದು ಇತಿಹಾಸಕಾರರ ಕಣ್ಣಿಗೆ ಬಿತ್ತು.

ಇದರಲ್ಲಿ ಒಂಬತ್ತು ಅಧ್ಯಾಯಗಳು. ಶುದ್ಧ ಜ್ಯೋತಿಷವನ್ನು ಬಿಟ್ಟು ಗಣಿತವನ್ನೇ ಕುರಿತು ಬರೆದ ಗ್ರಂಥವಿದು. ಇದರ ವಿಸ್ತಾರವು ಸಾವಿರ ಶ್ಲೋಕಗಳನ್ನು ಮೀರಿದ್ದು. ಮಹಾವೀರನ ವಿಶೇಷ ಒಲವು ವರ್ಗೀಕರಣದ ಕಡೆಗೆ. ಭಿನ್ನರಾಶಿಯ ಮಿಶ್ರ ಲೆಕ್ಕಗಳನ್ನು ಕುರಿತ ಪ್ರಕೀರ್ಣಕ ಅಧ್ಯಾಯದಲ್ಲಿ ಆತನು ಭಾಗ, ಶೇಷ, ಮೂಲ, ಶೇಷಮೂಲ, ದ್ವಿರಗ್ರಶೇಷಮೂಲ, ಅಂಶಮೂಲ, ಭಾಗಾಭ್ಯಾಸ, ಅಂಶವರ್ಗ, ಮೂಲಮಿಶ್ರ, ಭಿನ್ನದೃಶ್ಯ ಎಂದು ಹತ್ತು ಜಾತಿಗಳನ್ನು ಹೆಸರಿಸಿದ್ದಾನೆ. ಕುಟ್ಟಕವನ್ನು (ಆತನ ಮಾತಿನಲ್ಲಿ ಕುಟ್ಟೀಕಾರ) ಕೂಡ ವಲ್ಲಿಕಾ, ವಿಷಮ, ಸಕಲ, ಸುವರ್ಣ, ವಿಚಿತ್ರ ಎಂದು ವಿಂಗಡಿಸಿದ್ದಾನೆ. ಈ ಪಟ್ಟಿಯನ್ನು ನೋಡಿದವರು ಇದೇ ಜಾತಿಯ ರೋಗ, ಲೆಕ್ಕ ಯಾವ ಬಗೆಯದೆಂದು ಕೇಳುವ ವಿದ್ಯಾರ್ಥಿಯ ಪೂರ್ವಜರು ಇಲ್ಲಿದ್ದಾರೆ ಎಂದು ಹೇಳಿಯಾರು. ನಾವೂ ಮೊದಲು ಹಾಗೆಯೇ ಎಣಿಸಿದ್ದೆವು. ಲೆಕ್ಕಗಳನ್ನು ಒಂದೊಂದಾಗಿ ಮಾಡಿನೋಡಿದ ಮೇಲೆ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು.

ಮೂಲಜಾತಿಯ ಒಂದು ಲೆಕ್ಕವನ್ನು ತೆಗೆದುಕೊಳ್ಳೋಣ. ಒಂಟೆಗಳ ಒಂದು ಹಿಂಡು. ಅದರಲ್ಲಿ ಕಾಲು ಭಾಗ ಕಾಡಿನಲ್ಲಿ ಕಂಡಿತು. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿಗೆ ಹೋದವು. ಹೊಳೆಯ ದಡದಲ್ಲಿ ಉಳಿದವು ೧೫. ಹಿಂಡಿನಲ್ಲಿ ಒಂಟೆಗಳೆಷ್ಟು? ಸೂತ್ರದ ಪ್ರಕಾರ ಮೂಲದ ಗುಣಕದ ಅರ್ಧವಾದ ೧ನ್ನೂ ಉಳಿದ ೧೫ನ್ನೂ, ಒಂದರಲ್ಲಿ ಕಾಲನ್ನು ಕಳೆದ ಮುಕ್ಕಾಲಿನಿಂದ ಭಾಗಿಸಬೇಕು. ಮೊದಲನೆಯದು ಮೂರರಲ್ಲಿ ನಾಲ್ಕು, ಎರಡನೆಯದು ೨೦. ಮೊದಲನೆಯದರ ವರ್ಗವನ್ನು ೨೦ಕ್ಕೆ ಸೇರಿಸಿ ಮೂಲ ತೆಗೆದರೆ ಮೂರರಲ್ಲಿ ಹದಿನಾಲ್ಕು, ಅದಕ್ಕೆ ಮೂರರಲ್ಲಿ ನಾಲ್ಕನ್ನು ಕೂಡಿಸಿದರೆ ೬, ವರ್ಗ ೩೬. ಹಿಂಡು ೩೬ ಒಂಟೆಗಳದು: ೯, ೧೨, ೧೫. ಇದು ಇಂದಿನ ವರ್ಗಸಮೀಕರಣವೇ ಎಂಬುದು ಓದುಗರಿಗೆ ಆಗಲೇ ಹೊಳೆದಿರಬೇಕು.

ಅದರ ಮುಂದಿನದು ಶೇಷಮೂಲಜಾತಿ. ಅಲ್ಲಿ ಮೂಲವು ಇಡೀ ಹಿಂಡಿನದಲ್ಲ, ಮೊದಲು ಒಂದು ಪಾಲು ಹೋದ ಮೇಲೆ ಉಳಿದ ಶೇಷದ್ದು. ವಿದ್ಯಾರ್ಥಿಯು ಹಿಂಡನ್ನೇ ಅಜ್ಞಾತವೆಂದು ಹಿಡಿದು ಹೊರಟರೆ ಲೆಕ್ಕ ತೊಡಕಾಗುತ್ತದೆ. ಶೇಷವನ್ನೇ ರಾಶಿಯೆಂದು ಹಿಡಿದರೆ ಅದು ಹಿಂದಿನ ಮೂಲಜಾತಿಯೇ ಆಗಿಬಿಡುತ್ತದೆ. ಕೊನೆಗೆ ಶೇಷದಿಂದ ಇಡೀ ರಾಶಿಗೆ ಹೋಗುವುದು ಭಾಗಜಾತಿಯ ಕೆಲಸ. ಹೀಗೆ ಒಂದು ಜಾತಿಯ ಲೆಕ್ಕವು ಹಿಂದಿನ ಎರಡು ಜಾತಿಗಳ ಮೇಲೆ ನಿಂತಿದೆ. ಹತ್ತು ಹೆಸರುಗಳು ಹತ್ತು ಬೇರೆ ಕೋಣೆಗಳಲ್ಲ, ಏಣಿಯ ಮೆಟ್ಟಿಲುಗಳೆಂಬುದು ಇದರಿಂದ ತಿಳಿಯುತ್ತದೆ. ಯಾವುದನ್ನು ಅಜ್ಞಾತವೆಂದು ಹಿಡಿಯಬೇಕೆಂಬ ಪ್ರಶ್ನೆ ಬೀಜಗಣಿತದ ಮೊದಲನೆಯ ಉಪಾಯ. ಮಹಾವೀರನು ಅದನ್ನು ಮಾತಿನಲ್ಲಿ ಹೇಳಿಲ್ಲ, ಜಾತಿಗಳ ಆನುಪೂರ್ವಿಯಲ್ಲಿ ಇಟ್ಟಿದ್ದಾನೆ. ಗಮನಿಸುವ ಶಿಷ್ಯನಿಗೆ ಅದು ದೊರೆಯುತ್ತದೆ, ಗಮನಿಸದವನಿಗೆ ಹತ್ತು ಸೂತ್ರಗಳ ಕಂಠಪಾಠ ಮಾತ್ರ ಉಳಿಯುತ್ತದೆ. ಗ್ರಂಥದ ಬಲವೂ ದೌರ್ಬಲ್ಯವೂ ಇದೇ.

ಇನ್ನೊಂದು ಲೆಕ್ಕವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕಾಗಿದೆ. ಇದು ಮಹಾವೀರನಲ್ಲಿಯೂ ಇದೆ, ಶ್ರೀಧರನ ಪಾಟೀಗಣಿತದಲ್ಲಿಯೂ ಇದೆ, ಭಾಸ್ಕರಾಚಾರ್ಯನ ಬೀಜಗಣಿತದಲ್ಲಿಯೂ ಇದೆ. ಲೆಕ್ಕ ಒಂದೇ ಆಗಿ ಉಪಾಯ ಬೇರೆಯಾಗಿರುವುದರಿಂದ ಹೋಲಿಕೆಗೆ ಇದಕ್ಕಿಂತ ಅನುಕೂಲವಾದುದು ನಮಗೆ ಸಿಕ್ಕಲಿಲ್ಲ. ಪಾರಿವಾಳಗಳು ೩ ಪಣಕ್ಕೆ ೫, ಸಾರಸಗಳು ೫ ಪಣಕ್ಕೆ ೭, ಹಂಸಗಳು ೭ ಪಣಕ್ಕೆ ೯, ನವಿಲುಗಳು ೯ ಪಣಕ್ಕೆ ೩. ರಾಜಕುಮಾರನ ವಿನೋದಕ್ಕಾಗಿ ೧೦೦ ಪಣಗಳಿಗೆ ೧೦೦ ಪಕ್ಷಿಗಳನ್ನು ತರಬೇಕು. ಯಾವ ಯಾವ ಪಕ್ಷಿ ಎಷ್ಟೆಷ್ಟು?

ಮಹಾವೀರನ ಸೂತ್ರದ ಕ್ರಮ ಸ್ಥೂಲವಾಗಿ ಹೀಗಿದೆ. ಒಂದೊಂದು ಬಗೆಯ ಪಕ್ಷಿಗಳ ಸಂಖ್ಯೆಯನ್ನು ಒಟ್ಟು ಬೆಲೆಯಿಂದಲೂ ಅವುಗಳ ಬೆಲೆಯನ್ನು ಒಟ್ಟು ಪಕ್ಷಿಗಳ ಸಂಖ್ಯೆಯಿಂದಲೂ ಗುಣಿಸಿ, ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಬೇಕು. ಧನವಾಗಿ ಉಳಿದವನ್ನು ಕೆಳಗಿನ ಸಾಲಿನಲ್ಲೂ ಋಣವಾಗಿ ಉಳಿದವನ್ನು ಮೇಲಿನ ಸಾಲಿನಲ್ಲೂ ಬರೆದು, ಸಮಾನವಾದ ಅಪವರ್ತನದಿಂದ ಚಿಕ್ಕದು ಮಾಡಿ, ಒಂದೊಂದನ್ನೂ ಇಷ್ಟಬಂದ ಸಂಖ್ಯೆಗಳಿಂದ ಗುಣಿಸಬೇಕು. ಅನಂತರ ಎರಡು ಸಾಲುಗಳನ್ನೂ ಬೇರೆ ಬೇರೆ ಕೂಡಿಸಿ, ಮೊತ್ತಗಳನ್ನು ಅದಲು ಬದಲು ಮಾಡಿ, ಅವುಗಳಿಂದ ಮತ್ತೆ ಗುಣಿಸಬೇಕು. ನಮ್ಮ ಲೆಕ್ಕದಲ್ಲಿ ಉಳಿಯುವುದು ೨೦೦, ೨೦೦, ೨೦೦ ಮತ್ತು ಋಣ ೬೦೦. ಚಿಕ್ಕದು ಮಾಡಿದರೆ ೧, ೧, ೧ ಮತ್ತು ೩. ಮೊತ್ತಗಳನ್ನು ಏಕೆ ಅದಲು ಬದಲು ಮಾಡಬೇಕೆಂಬುದನ್ನು ಸೂತ್ರ ಹೇಳುವುದಿಲ್ಲ. ಸ್ವಲ್ಪ ಯೋಚಿಸಿದರೆ ಕಾರಣ ಸ್ಪಷ್ಟವಾಗುತ್ತದೆ. ಒಂದು ಗುಂಪು ಪಾರಿವಾಳವನ್ನು ಕೊಂಡರೆ ಬೆಲೆಗಿಂತ ಪಕ್ಷಿ ಎರಡು ಹೆಚ್ಚು. ಸಾರಸ, ಹಂಸಗಳಲ್ಲಿಯೂ ಹಾಗೆಯೇ. ನವಿಲಿನ ಒಂದು ಗುಂಪಿನಲ್ಲಿ ಪಕ್ಷಿಗಿಂತ ಬೆಲೆ ಆರು ಹೆಚ್ಚು. ಲಾಭವೂ ನಷ್ಟವೂ ಸರಿದೂಗಬೇಕಾದರೆ ನವಿಲಿನ ಒಂದು ಗುಂಪಿಗೆ ಇತರ ಪಕ್ಷಿಗಳ ಮೂರು ಗುಂಪುಗಳು ಬೇಕು. ತಕ್ಕಡಿಯ ಎರಡು ತಟ್ಟೆಗಳನ್ನು ಸಮಮಾಡುವ ಉಪಾಯವೇ ಆ ಅದಲು ಬದಲು.

ಈಗ ಇಷ್ಟಸಂಖ್ಯೆಗಳ ವಿಚಾರ. ನಾಲ್ಕನ್ನೂ ೧ ಎಂದು ಹಿಡಿದರೆ ನಾಲ್ಕು ಬಗೆಯಲ್ಲಿಯೂ ಒಂದೊಂದು ಗುಂಪು ಬರುತ್ತದೆ, ೨೪ ಪಣಗಳಿಗೆ ೨೪ ಪಕ್ಷಿಗಳು. ತೂಕ ಸರಿಯಾಯಿತು, ಆದರೆ ಇದನ್ನು ೧೦೦ಕ್ಕೆ ಏರಿಸಿದರೆ ೨೦ ಪಾರಿವಾಳಗಳೂ ಇನ್ನೊಂದು ಪಾರಿವಾಳದ ಆರರಲ್ಲಿ ಐದು ಪಾಲೂ ಬರುತ್ತವೆ. ರಾಜಕುಮಾರನಿಗೆ ಅದರಿಂದ ವಿನೋದವಾಗಲಾರದು. ಮೊದಲ ಮೂರಕ್ಕೆ ೩, ೪, ೫ ಎಂದು ಹಿಡಿದು ನವಿಲಿಗೆ ೧ನ್ನು ಹಿಡಿದರೆ ಗುಂಪುಗಳು ೩, ೪, ೫, ೪ ಆಗಿ, ಪಕ್ಷಿಗಳು ೧೫, ೨೮, ೪೫, ೧೨ ಎಂದು ಸರಿಯಾಗಿ ೧೦೦ ಆಗುತ್ತವೆ. ಬೆಲೆ ೯, ೨೦, ೩೫, ೩೬, ಅದೂ ೧೦೦. ೧, ೧, ೧ನ್ನು ಬಿಟ್ಟು ೩, ೪, ೫ನ್ನು ಹಿಡಿಯಬೇಕೆಂದು ವಿದ್ಯಾರ್ಥಿಗೆ ಯಾರು ಹೇಳಿದರು? ಸೂತ್ರವಂತೂ ಹೇಳಲಿಲ್ಲ. ವಿಧಾನವು ಒಂದು ಹಂತದ ವರೆಗೆ ಕೈಹಿಡಿದು ನಡೆಸಿ, ಅಲ್ಲಿ ಕೈಬಿಟ್ಟು, ಮುಂದಿನದನ್ನು ಅವನ ಊಹೆಗೆ ಬಿಟ್ಟಿದೆ.

ಭಾಸ್ಕರಾಚಾರ್ಯನು ಕ್ರಿ. ಶ. ೧೧೧೪ರಲ್ಲಿ ಹುಟ್ಟಿ ೧೧೫೦ರಲ್ಲಿ, ತನ್ನ ೩೬ನೆಯ ವಯಸ್ಸಿನಲ್ಲಿ, ಸಿದ್ಧಾಂತಶಿರೋಮಣಿಯನ್ನು ರಚಿಸಿದನು. ಆತನ ಬೀಜಗಣಿತಕ್ಕೆ ಆತನದೇ ಗದ್ಯವಿವರಣೆಯುಂಟು. ಅಲ್ಲಿ ಇದೇ ಪಕ್ಷಿಗಳ ಲೆಕ್ಕಕ್ಕೆ ಪ್ರತ್ಯೇಕವಾದ ಸೂತ್ರವೇ ಇಲ್ಲ. ಗುಂಪುಗಳ ಸಂಖ್ಯೆಗಳನ್ನು ಯಾ, ಕಾ, ನೀ, ಪೀ (ಯಾವತ್ತಾವತ್, ಕಾಲಕ, ನೀಲಕ, ಪೀತಕ) ಎಂದು ಹಿಡಿಯುತ್ತಾನೆ. ಬೆಲೆಗಳು ೧೦೦ಕ್ಕೆ ಸಮ, ಪಕ್ಷಿಗಳು ೧೦೦ಕ್ಕೆ ಸಮ. ಎರಡು ಸಮೀಕರಣಗಳು, ನಾಲ್ಕು ಅಜ್ಞಾತಗಳು. ಮೊದಲನೆಯ ಅಜ್ಞಾತವನ್ನು ತೊಡೆದುಹಾಕಿ, ಪೀತಕಕ್ಕೆ ೪ ಎಂಬ ಮಾನವನ್ನು ಕಲ್ಪಿಸಿ, ಉಳಿದದ್ದನ್ನು ಕುಟ್ಟಕದಿಂದ ಬಿಡಿಸುತ್ತಾನೆ. ಗುಂಪುಗಳು ೧, ೮, ೩, ೪ ಎಂದಾಗಲಿ, ೨, ೬, ೪, ೪ ಎಂದಾಗಲಿ, ೩, ೪, ೫, ೪ ಎಂದಾಗಲಿ ದೊರೆಯುತ್ತವೆ. ಕಲ್ಪನೆಗೆ ತಕ್ಕಂತೆ ಉತ್ತರಗಳು ಅನೇಕವೆಂದು ಆತನೇ ಸೂಚಿಸುತ್ತಾನೆ. ನಾವು ಲೆಕ್ಕವನ್ನು ಪೂರ್ತಿಯಾಗಿ ಮಾಡಿನೋಡಿದೆವು. ಪೀತಕ ೪ ಆದಾಗ ೪, ೨, ೬ ಎಂಬ ಗುಂಪುಗಳೂ ಸಲ್ಲುತ್ತವೆ. ಪೀತಕ ೫ ಆದಾಗ ೧೧, ೩, ೧ ಮತ್ತು ೧೨, ೧, ೨ ಸಲ್ಲುತ್ತವೆ. ನಾಲ್ಕು ಬಗೆಯ ಪಕ್ಷಿಗಳೂ ಇರಬೇಕು, ಗುಂಪು ಒಡೆಯಬಾರದು ಎಂದಾದರೆ ಉತ್ತರಗಳು ಈ ಆರೇ, ಏಳನೆಯದಿಲ್ಲ. ಪೀತಕವನ್ನು ೩ ಅಥವಾ ೬ ಎಂದು ಹಿಡಿದರೆ ಯಾವುದೋ ಒಂದು ಪಕ್ಷಿ ಋಣವಾಗುತ್ತದೆ. ಇದನ್ನು ತರಗತಿಯಲ್ಲಿ ಮಾಡಿಸಿನೋಡಿದರೆ ಅಧ್ಯಾಪಕರ ಒಂದು ಗಂಟೆ ವ್ಯರ್ಥವಾಗುವುದಿಲ್ಲ.

ಎರಡು ವಿಧಾನಗಳ ವ್ಯತ್ಯಾಸ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಮಹಾವೀರನ ಸೂತ್ರ ಕ್ರಯವಿಕ್ರಯದ ಈ ಒಂದು ಬಗೆಯ ಲೆಕ್ಕಕ್ಕೆ ಹೊಲಿದ ಅಂಗಿ. ಭಾಸ್ಕರಾಚಾರ್ಯನ ಕ್ರಮ ಪಕ್ಷಿಗಳಿಗೂ ಸರಿ, ರತ್ನಗಳಿಗೂ ಸರಿ, ಗ್ರಹಗಳಿಗೂ ಸರಿ. ಮಹಾವೀರನು ಊಹೆಗೆ ಬಿಟ್ಟುಕೊಟ್ಟಿದ್ದ ಸ್ಥಳವನ್ನು ಇಲ್ಲಿ ಕುಟ್ಟಕವು ಆಕ್ರಮಿಸಿದೆ. ಹಾಗೆಂದು ಊಹೆಗೆ ಕೆಲಸವೇ ಇಲ್ಲದಂತಾಗಿಲ್ಲ; ಪೀತಕಕ್ಕೆ ೪ನ್ನೇ ಏಕೆ ಹಿಡಿಯಬೇಕು, ಯಾವ ಅಜ್ಞಾತವನ್ನು ಮೊದಲು ತೊಡೆಯಬೇಕು ಎಂಬ ಪ್ರಶ್ನೆಗಳು ಉಳಿದೇ ಇವೆ. ಇದನ್ನು ಆತನು ಚೆನ್ನಾಗಿ ಬಲ್ಲನು. ತ್ರೈರಾಶಿಕವು ಗಣಿತವನ್ನೆಲ್ಲ ವ್ಯಾಪಿಸಿದೆಯೆಂದು ಲೀಲಾವತಿಯಲ್ಲಿ ಹೇಳಿದವನೇ, ಬೀಜವೆಂದರೆ ವರ್ಣಾಕ್ಷರಗಳಲ್ಲ, ಬುದ್ಧಿಯೇ ಬೀಜ ಎಂಬ ಅರ್ಥದ ಮಾತನ್ನೂ ಆಡಿದ್ದಾನೆ. ಈ ಮಾತನ್ನು ಆಚಾರ್ಯನ ಕವಿಸಮಯವೆಂದು ತಳ್ಳಿಹಾಕುವುದು ವಾಡಿಕೆ. ಆತನ ಗದ್ಯವಿವರಣೆಯನ್ನು ಓದಿದವರು ಹಾಗೆ ತಳ್ಳಿಹಾಕಲಾರರು. ಕೆಲವು ಲೆಕ್ಕಗಳನ್ನು ಅಲ್ಲಿ ಎರಡು ಮೂರು ದಾರಿಗಳಲ್ಲಿ ಬಿಡಿಸಿದ್ದಾನೆ. ಒಂದು ರಾಶಿಯನ್ನು ಹೀಗೆ ಕಲ್ಪಿಸಿದರೆ ಕೆಲಸ ಸುಲಭವಾಗುತ್ತದೆಂದು ತೋರಿಸಿದ್ದಾನೆ. ಮೊದಲಿನ ಭಾಷ್ಯಗಳ ನಾಲ್ಕು ಹಂತಗಳಲ್ಲಿ ಸ್ಥಾನವಿಲ್ಲದೆ ಗುರುವಿನ ಬಾಯಲ್ಲೇ ಉಳಿದಿದ್ದ ಉಪಾಯವು ಇಲ್ಲಿ ಓಲೆಗೆ ಇಳಿಯತೊಡಗಿದೆ.

ಸಾಮಾನ್ಯ ವಿಧಾನವು ಕಾಲಕ್ರಮದಲ್ಲಿ ಹೇಗೆ ಬೆಳೆಯಿತೆಂಬುದಕ್ಕೆ ವರ್ಗಪ್ರಕೃತಿ ಮತ್ತೊಂದು ನಿದರ್ಶನ. ಒಂದು ವರ್ಗವನ್ನು ಕೊಟ್ಟ ಸಂಖ್ಯೆಯಿಂದ ಗುಣಿಸಿ ೧ನ್ನು ಕೂಡಿಸಿದರೆ ಮತ್ತೊಂದು ವರ್ಗವೇ ಬರಬೇಕು. ಕ್ರಿ. ಶ. ೬೨೮ರಲ್ಲಿ ಬ್ರಹ್ಮಗುಪ್ತನು ಗುಣಕ ೯೨ ಆಗಿರುವ ಲೆಕ್ಕವನ್ನು ಕೊಟ್ಟು, ಒಂದು ವರ್ಷದೊಳಗೆ ಬಿಡಿಸಿದವನು ಗಣಕನು ಎಂದು ಸವಾಲು ಹಾಕಿದ್ದಾನೆ. ಭಾವನೆ ಎಂಬ ತನ್ನ ವಿಧಾನದಿಂದ ಅದು ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆಂಬುದು ಆತನಿಗೆ ಗೊತ್ತಿತ್ತು. ೯೨ಕ್ಕೆ ೮ ಸೇರಿದರೆ ೧೦೦, ಅದು ೧೦ರ ವರ್ಗ. ಈ ಫಲವನ್ನು ಅದರೊಡನೆಯೇ ಭಾವಿಸಿದರೆ ೨೦ರ ವರ್ಗವನ್ನು ೯೨ರಿಂದ ಗುಣಿಸಿ ೬೪ ಕೂಡಿಸಿದಾಗ ೧೯೨ರ ವರ್ಗ ಬರುತ್ತದೆ. ೮ರಿಂದ ಭಾಗಿಸಿ ಮತ್ತೊಮ್ಮೆ ಭಾವಿಸಿದರೆ ೧೨೦ ಮತ್ತು ೧೧೫೧ ಎಂಬ ಉತ್ತರ. ಆದರೆ ಭಾವನೆಗೆ ಆರಂಭದ ಒಂದು ಫಲ ಬೇಕು, ಅದು ಅದೃಷ್ಟವಶಾತ್ ದೊರೆಯಬೇಕು. ಈ ಅದೃಷ್ಟವನ್ನು ನಿವಾರಿಸಿದುದು ಚಕ್ರವಾಲ. ಅದರ ಪ್ರತಿಯೊಂದು ಸುತ್ತಿನಲ್ಲಿಯೂ ಮುಂದಿನ ಸಂಖ್ಯೆಯನ್ನು ಕುಟ್ಟಕದಿಂದ ಆರಿಸಿಕೊಂಡು, ಭಾವನೆಯಿಂದ ಹೊಸ ಫಲವನ್ನು ಪಡೆಯಬೇಕು. ಹಿಂದೆ ತಾವೇ ಗುರಿಯಾಗಿದ್ದ ಎರಡು ವಿಧಾನಗಳು ಇಲ್ಲಿ ಮೂರನೆಯದಕ್ಕೆ ಉಪಕರಣಗಳಾಗಿವೆ. ಭಾಸ್ಕರಾಚಾರ್ಯನು ಗುಣಕ ೬೧ಕ್ಕೆ ೨೨೬೧೫೩೯೮೦ ಮತ್ತು ೧೭೬೬೩೧೯೦೪೯ ಎಂಬ ಉತ್ತರವನ್ನು ಕೊಟ್ಟನು. ಫ್ರಾನ್ಸಿನ ಫರ್ಮಾ ೧೬೫೭ರಲ್ಲಿ ಇದೇ ೬೧ನ್ನು ತನ್ನ ಸಮಕಾಲೀನರ ಮುಂದೆ ಸವಾಲಾಗಿ ಇಟ್ಟನು.

ಚಕ್ರವಾಲವು ಭಾಸ್ಕರಾಚಾರ್ಯನದೇ ಎಂದು ಬಹುಕಾಲ ನಂಬಲಾಗಿತ್ತು. ೧೯೫೪ರಲ್ಲಿ ಕೃಪಾಶಂಕರ ಶುಕ್ಲರು ಉದಯದಿವಾಕರನು ೧೦೭೩ರಲ್ಲಿ ಬರೆದ ಟೀಕೆಯಲ್ಲಿ ಜಯದೇವನೆಂಬ ಗಣಿತಜ್ಞನ ಶ್ಲೋಕಗಳನ್ನು ಗುರುತಿಸಿದ ಮೇಲೆ, ಈ ವಿಧಾನ ಅದಕ್ಕಿಂತ ಹಿಂದಿನದೆಂದು ಸಿದ್ಧವಾಯಿತು. ಈ ಕ್ರಮ ಯಾವ ಗುಣಕಕ್ಕೂ ಕೈಕೊಡದೆ ಕೊನೆಮುಟ್ಟುತ್ತದೆಯೇ ಎಂಬ ಪ್ರಶ್ನೆಗೆ ಹಳೆಯವರು ಉಪಪತ್ತಿಯನ್ನು ಬರೆದಿಟ್ಟಿಲ್ಲ. ಅದನ್ನು ಆಧುನಿಕ ರೀತಿಯಲ್ಲಿ ಸಾಧಿಸಿ ೧೯೨೯-೩೦ರಲ್ಲಿ ಪ್ರಕಟಿಸಿದವರು ಮೈಸೂರಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಎ. ಎ. ಕೃಷ್ಣಸ್ವಾಮಿ ಅಯ್ಯಂಗಾರ್ಯರು. ಇದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಬಲ್ಲವರು ಕಡಮೆ.

ಕೊನೆಯದಾಗಿ ಕನ್ನಡದ ಮಾತು. ಗಣಿತವನ್ನು ಕನ್ನಡದಲ್ಲಿ ಬರೆದ ಪ್ರಾಚೀನರಲ್ಲಿ ಮುಖ್ಯನಾದವನು ೧೨ನೆಯ ಶತಮಾನದ ರಾಜಾದಿತ್ಯ. ಆತನ ವ್ಯವಹಾರಗಣಿತದಲ್ಲಿ ಸೂತ್ರವೂ ಉದಾಹರಣೆಯೂ ಟೀಕೆಯೂ ಕನ್ನಡದಲ್ಲೇ ಇವೆ. ಇದಕ್ಕೆ ಹೋಲಿಸಬಹುದಾದ ಮಲಯಾಳದ ಗ್ರಂಥವೆಂದರೆ ೧೬ನೆಯ ಶತಮಾನದಲ್ಲಿ ಜ್ಯೇಷ್ಠದೇವನು ಬರೆದ ಯುಕ್ತಿಭಾಷೆ. ಅದು ಹೆಸರೇ ಹೇಳುವಂತೆ ಯುಕ್ತಿಯನ್ನು, ಅಂದರೆ ಸೂತ್ರದ ಹಿಂದಿರುವ ಕಾರಣವನ್ನು, ನಾಡನುಡಿಯ ಗದ್ಯದಲ್ಲಿ ಬಿಡಿಸಿ ಹೇಳುತ್ತದೆ. ರಾಜಾದಿತ್ಯನಲ್ಲಿ ಅಂಥ ವಿವರಣೆಯನ್ನು ನಿರೀಕ್ಷಿಸಬಾರದು. ಆತನ ಗುರಿ ವ್ಯವಹಾರಸ್ಥನು, ಜ್ಯೋತಿಷಿಯಲ್ಲ. ಆದರೆ ಆತನ ವಿಂಗಡಣೆಯಲ್ಲಿ ಒಂದು ಸಂಗತಿ ನಮಗೆ ಮೆಚ್ಚುಗೆಯಾಯಿತು. ಸಹಜತ್ರೈರಾಶಿ, ವ್ಯಸ್ತತ್ರೈರಾಶಿ, ಸಹಜಪಂಚರಾಶಿ, ವ್ಯಸ್ತಪಂಚರಾಶಿ ಎಂದು ಮೊದಲುಮಾಡಿ ನವರಾಶಿಯ ವರೆಗೂ ಪ್ರತಿಯೊಂದನ್ನೂ ಸಹಜ, ವ್ಯಸ್ತ ಎಂದು ಎರಡು ಮಾಡಿಯೇ ಹೇಳುತ್ತಾನೆ. ಅಕ್ಕಿಯ ಅಳತೆ ಹೆಚ್ಚಿದರೆ ಬೆಲೆ ಹೆಚ್ಚುತ್ತದೆ, ಅದು ಸಹಜ. ಆಳುಗಳು ಹೆಚ್ಚಿದರೆ ದಿನಗಳು ಕಡಮೆಯಾಗುತ್ತವೆ, ಅದು ವ್ಯಸ್ತ. ಯಾವ ಅಂಕವನ್ನು ಯಾವುದರಿಂದ ಗುಣಿಸಬೇಕೆಂಬುದು ಆ ಮೇಲಿನ ಮಾತು. ಮೊದಲು ಅಂಗಡಿಯವನು ಕೈಯಲ್ಲಿರುವ ಕವಡೆಗಳನ್ನು ಕೆಳಗಿಟ್ಟು, ಇದು ಹೆಚ್ಚಿದರೆ ಅದು ಹೆಚ್ಚುವುದೋ ತಗ್ಗುವುದೋ ಎಂದು ತನ್ನನ್ನು ತಾನು ಕೇಳಿಕೊಳ್ಳಬೇಕು. ಆತನ ಪುಸ್ತಕದಲ್ಲಿ ಪ್ರತಿಯೊಂದು ಸೂತ್ರದ ಹೆಸರಿನ ಮೊದಲನೆಯ ಪದವೇ ಆ ಪ್ರಶ್ನೆಯನ್ನು ಕೇಳುತ್ತದೆ.